ಮೊದಲು ನಮ್ಮ ಬೀದಿಗೆ

ಉಮ್ಮತ್ತೂರಿನಾಚೆಯ ನಮ್ಮೂರಿನಲ್ಲಿ ಕೆರೆ ನೋಡಿಕೊಳ್ಳುತ್ತಿದ್ದ ನೀರುಗಂಟಿ ಅವನು. ನಮ್ಮ ಬೀದಿ ದಿಬ್ಬದ ಮೇಲೆ; ಅವನಿದ್ದ ದಲಿತರ ಕೇರಿ ಕೆರೆಕೋಡಿಯ ಕೆಳಗಿನ ತಗ್ಗಿನಲ್ಲಿ. ಯಾವ ಸುದ್ದಿಯಿದ್ದರೂ ನಮ್ಮ ಜಗಲಿಯ ಕೆಳಗೆ ನಿಂತು, ಹೆಗಲ ಟವಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಮೊದ್ಲು ನಿಮ್ಗೇ ಯೋಳ್ಬುಟ್ಟು ಓಗನ ಅಂತ ಬಂದೆ ಬುದ್ಧಿ" ಎನ್ನುತ್ತಿದ್ದ. ಅವನಪ್ಪನೂ ಹಾಗೇ ಬರುತ್ತಿದ್ದನಂತೆ.

ಆ ವರ್ಷ ಮಳೆ ಬಿಡದೆ ಸುರಿಯಿತು. ಒಂದು ಬೆಳಗ್ಗೆ ಏರಿಯ ಮೇಲೆ ನಿಂತಿದ್ದ ಅವನಿಗೆ ಕೆರೆ ತುಂಬಿ ಕೋಡಿ ಹರಿಯತೊಡಗಿದ್ದು ಕಂಡಿತು. ಅವನ ಕೇರಿ ಅಲ್ಲಿಂದ ಕೂಗಳತೆಯಲ್ಲೇ ಇತ್ತು. ಅವನು ನಮ್ಮ ಬೀದಿಗೆ ಓಡಿಬಂದ.

"ಕೆರೆ ಕೋಡಿ ಬಿತ್ತು ಬುದ್ಧಿ, ಗದ್ದೇಲಿರೋ ಮೋಟ್ರು ಎತ್ಕಳಿ!" ಎಂದು ಮನೆಮನೆಗೂ ಹೇಳಿದ.

ನಮ್ಮ ಮೋಟರುಗಳೆಲ್ಲ ಉಳಿದವು. ಅವನು ಕೇರಿಗೆ ಹೋಗುವಷ್ಟರಲ್ಲಿ ಅಲ್ಲಿ ಸೊಂಟಮಟ್ಟ ನೀರು. ಅವನ ಮನೆಯ ಮಣ್ಣುಗೋಡೆ ಕುಸಿದು, ಮಲಗಿದ್ದ ತಾಯಿಯ ಮೇಲೆ ಬಿದ್ದಿತ್ತು.

ಸಂಜೆ, ಹೆಣ ಇನ್ನೂ ಮನೆಮುಂದೆ ಇರುವಾಗಲೇ, ಅವನು ಮತ್ತೆ ನಮ್ಮ ಜಗಲಿಯ ಕೆಳಗೆ ಬಂದು ನಿಂತ. ಕೂತುಕೋ ಎಂದು ಯಾರೂ ಹೇಳಲಿಲ್ಲ. ಒದ್ದೆ ಟವಲು ಕಂಕುಳಲ್ಲೇ ಇತ್ತು.

"ಅವ್ವ ಓಗ್ಬುಟ್ಲು. ಮೊದ್ಲು ನಿಮ್ಗೇ ಯೋಳ್ಬುಟ್ಟು ಓಗನ ಅಂತ ಬಂದೆ ಬುದ್ಧಿ."