ನಾನು ಬರೆದ ಎರಡು ಕಣ್ಣು

ನಿಮ್ಮ ತಾತ ದೃಷ್ಟಿಮುಖ ಬರೆಯುತ್ತಿದ್ದರು. ಕೆಟ್ಟ ಕಣ್ಣು ತಾಗದಿರಲೆಂದು ಹೊಸ ಮನೆಗೆ, ರೇಷ್ಮೆಹುಳು ಸಾಕುವ ಮನೆಗೆ ಕಟ್ಟುವ ಕೋರೆಹಲ್ಲಿನ ಮುಖ ಅದು. ಅವರು ಬರೆದದ್ದನ್ನು ಕಟ್ಟಿದರೆ ಹುಳು ಕೆಡುವುದಿಲ್ಲವೆಂದು ಮರಳವಾಡಿ ಸುತ್ತ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಶಾಲೆಯ ಗೋಡೆಗೆ ನವಿಲು, ಆನೆ ಬರೆಯುವಾಗ ಹಾಡಿಕೊಳ್ಳುತ್ತಿದ್ದವರು ದೃಷ್ಟಿಮುಖಕ್ಕೆ ಕೂತರೆ ಮಾತೇ ಬಿಡುತ್ತಿದ್ದರು. ಕಣ್ಣು ಬರೆಯುವುದು ಕೊನೆಗೆ. ಆಗ ಅವರು ಪಕ್ಕಕ್ಕೆ ಸರಿದು ಕೂರುತ್ತಿದ್ದರು, ನಾನು ಮುಖದ ಎದುರಿಗೆ ಕನ್ನಡಿ ಹಿಡಿಯಬೇಕಿತ್ತು. ಅದರ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು.

ಹಾರೋಹಳ್ಳಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಒಂದು ಕಾರ್ಖಾನೆಯ ಸೂಪರ್‌ವೈಸರ್ ಬಂದು ಗೇಟಿಗೆ ಆಳೆತ್ತರದ ಮುಖ ಕೇಳಿದ.

"ಕಾರ್ಖಾನೆ ಪೂಜೆ ದಿನ ಬೆಳಿಗ್ಗೆ ವ್ಯಾನ್ ಕಳುಸ್ತೀನಿ. ಚೆನ್ನಾಗಿದ್ರೆ ಒಳಗೇ ಪೇಂಟರ್ ಕೆಲಸ ಐತೆ ನಿಮ್ಗೆ."

ತಿಂಗಳ ಸಂಬಳವನ್ನು ನಮ್ಮ ಮನೆ ಕಂಡಿರಲಿಲ್ಲ. ಆ ಕೆಲಸ ಎಲ್ಲಿ ತಪ್ಪುತ್ತದೋ ಎಂದು ನನಗೆ ಊಟವೇ ಸೇರದಾಯಿತು.

ಪೂಜೆಯ ದಿನವೂ ಕಣ್ಣಿನ ಜಾಗ ಬಿಳಿಯಾಗಿಯೇ ಇತ್ತು.

"ಬನ್ನಿ, ವ್ಯಾನ್ ಬತ್ತದೆ," ಎಂದೆ.

"ಅದು ಇನ್ನೂ ಕಣ್ಣು ಕೇಳ್ತಾ ಇಲ್ಲ ಕಣಮ್ಮಿ," ಎಂದು ಹೊಂಗೆ ಮರದ ಕೆಳಗೆ ಹೋಗಿ ಮಲಗಿಬಿಟ್ಟರು.

"ಹೊಟ್ಟೆ ಮಾತ್ರ ಹೊತ್ತೊತ್ಗೆ ಮುದ್ದೆ ಕೇಳ್ತದೆ, ಅದ್ಕೆ ಯಾವ ಮುನಿಸೂ ಇಲ್ಲ," ಎಂದರು ಒಳಗಿಂದ ನಮ್ಮತ್ತೆ.

ರಸ್ತೆಯಲ್ಲಿ ವ್ಯಾನಿನ ಸದ್ದಾಯಿತು. ನಾನು ಕುಂಚ ತೆಗೆದುಕೊಂಡು ಎರಡೂ ಕಣ್ಣು ಬರೆದುಬಿಟ್ಟೆ. ನೋಡಿ ನೋಡಿ ಕೈಗೆ ಗೊತ್ತಿತ್ತು. ಮುಗಿದ ಮೇಲೆ ಕನ್ನಡಿಯ ನೆನಪಾಯಿತು. ಅದು ಗೋಡೆಯ ಮೊಳೆಯಲ್ಲೇ ಇತ್ತು. ಮುಖ ನನ್ನನ್ನೇ ನೋಡುತ್ತಿತ್ತು.

ನಿಮ್ಮ ತಾತ ಎದ್ದು ಬಂದರು. ಮುಖ ನೋಡಿದರು, ನನ್ನ ಬೆರಳಿಗೆ ಹತ್ತಿದ್ದ ಕಪ್ಪು ನೋಡಿದರು. ತಾವೇ ಒಂದು ಕಡೆ ಹಿಡಿದು ಅದನ್ನು ವ್ಯಾನಿಗೆ ಏರಿಸಿದರು.

ಕೆಲಸ ಸಿಕ್ಕಿತು. ನೆಲದ ಮೇಲೆ ಹಳದಿ ಗೆರೆ ಎಳೆಯುವುದು, ಯಂತ್ರದೊಳಗೆ ಕೈ ಇಡಬೇಡಿ ಎಂದು ತೋರಿಸುವ ಚಿತ್ರ ಬರೆಯುವುದು. ಅಲ್ಲಿ ಯಾರಿಗೂ ಪೆಟ್ಟಾಗಲಿಲ್ಲ. ಗೇಟಿನ ಮುಖ ಕಾಯುತ್ತಿದೆ ಎಂದು ಜನ ಆಡಿಕೊಂಡರು. ನನಗೆ ಮಾತ್ರ ಆ ವಾರವೆಲ್ಲ ಜ್ವರ. ನೋಟ ತಾಗಿತೋ, ಊಟ ಬಿಟ್ಟಿದ್ದಕ್ಕೋ, ತಿಳಿಯಲಿಲ್ಲ.

ಆಮೇಲೆ ಅವರು ದೃಷ್ಟಿಮುಖ ಬರೆಯಲೇ ಇಲ್ಲ. ಹುಳುಮನೆಯವರು ಕೇಳಿಕೊಂಡು ಬಂದರೆ, "ಬುಟ್ಬುಟ್ಟೆ ಕಣಣ್ಣ, ಈಗ ಬರೆಯಕ್ಕಿಲ್ಲ," ಎಂದು ಕಳಿಸುತ್ತಿದ್ದರು. ಒಂದು ದಿನ ಧೈರ್ಯ ಮಾಡಿ, "ನಾನ್ ಮಾಡಿದ್ದು ತಪ್ಪಾಯ್ತಾ?" ಎಂದೆ.

"ಕಣ್ಣು ಚೆನ್ನಾಗೇ ಅವೆ," ಎಂದು ತಟ್ಟೆ ಎಳೆದುಕೊಂಡರು.

ಅದು ಮೆಚ್ಚಿಗೆಯೋ ಬೇಸರವೋ ಇವತ್ತಿಗೂ ಗೊತ್ತಿಲ್ಲ. ಸಂತೆಗೆ ಹೋಗುವಾಗ ಬಸ್ಸು ಆ ಗೇಟಿನ ಮುಂದೆಯೇ ಹೋಗುತ್ತಿತ್ತು. ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ಅವರು ಬಸ್ಸು ತಿರುಗುವವರೆಗೂ ಅದನ್ನೇ ನೋಡುತ್ತಿದ್ದರು.