ನಿಂಬೆ ಗಿಡಕ್ಕೆ ಸುರಿದ ಸಿಪ್ಪೆ ನೀರು

ನನ್ನ ಗಂಡ ಹಣ್ಣಿನ ಸಿಪ್ಪೆ ಎಸೆದದ್ದನ್ನು ನಾನು ಕಂಡಿಲ್ಲ. ಬಾಳೆ, ದಾಳಿಂಬೆ, ಮೋಸಂಬಿ, ಯಾವುದೇ ಇರಲಿ, ಮೊದಲು ಚೆನ್ನಾಗಿ ತೊಳೆಯಬೇಕು. ಮಂಡಿಯ ಹಣ್ಣಿಗೆ ಏನೇನು ಹೊಡೆದಿರುತ್ತಾರೋ ಯಾರು ಬಲ್ಲರು ಎನ್ನುತ್ತಿದ್ದರು. ಆಮೇಲೆ ಸಣ್ಣಗೆ ಹೆಚ್ಚಿ, ಬೆಲ್ಲ ಹಾಕಿ, ನೀರು ತುಂಬಿ, ಮರಾಠಿ ನಾಡಿನ ನಿಗಡಿಯಲ್ಲಿರುವ ನಮ್ಮ ಫ್ಲ್ಯಾಟಿನ ಬಾಲ್ಕನಿಯ ಮೂಲೆಯಲ್ಲಿ ತಿಂಗಳುಗಟ್ಟಲೆ ಹುಳಿಯಲು ಡಬ್ಬಿ ಇಡುವುದು. ದಿನಾ ಬೆಳಿಗ್ಗೆ ಮುಚ್ಚಳ ಸಡಿಲಿಸಿ ಗಾಳಿ ಬಿಡುವುದು. ಕುಡಿದ ಚಹಾದ ಕಪ್ಪು ತೊಳೆಯದ ಮನುಷ್ಯ ಸಿಪ್ಪೆಗೆ ಮಾತ್ರ ಇಷ್ಟೆಲ್ಲ ಸೇವೆ ಮಾಡುತ್ತಿದ್ದರು. ಡಬ್ಬಿಯ ಬಾಣಂತನ ಮುಗಿಯಿತೇ ಎಂದು ನಾನು ಕೆಣಕುತ್ತಿದ್ದೆ.

ಚಾಕಣದ ಕಾರ್ಖಾನೆಯಲ್ಲಿ ಮಷೀನುಗಳನ್ನು ತಣ್ಣಗಿಡುವ ಕೂಲಂಟ್ ಎಣ್ಣೆಯನ್ನು ನೀರಿಗೆ ಬೆರೆಸುವುದು ಅವರ ಕೆಲಸ. ನೀರು ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಮನೆಯಲ್ಲೂ ಅದೇ ಬುದ್ಧಿ. ಸೋಸಿದ ಸಿಪ್ಪೆ ನೀರು ಒಂದು ಮುಚ್ಚಳ, ಅದಕ್ಕೆ ದೊಡ್ಡ ಬಾಟಲಿ ತುಂಬ ನೀರು. ಅದನ್ನೂ ಗಿಡಕ್ಕೆ ಮಣ್ಣು ಹಸಿಯಿದ್ದಾಗಲೇ, ಬಿಸಿಲೇರುವ ಮುಂಚೆಯೇ ಹಾಕಬೇಕು. ಹಾಗೇ ಸುರಿದರೆ ಆ ಹುಳಿ ಬೇರನ್ನು ಸುಟ್ಟುಬಿಡುತ್ತದೆ ಎಂದು ನನಗೂ ಕಲಿಸಿದ್ದರು. ಕುಂಡದ ನಿಂಬೆ ಗಿಡವನ್ನು ಬೀಜದಿಂದ ಎಬ್ಬಿಸಿದವರು ಅವರು. ಪಾರಿವಾಳಗಳು ಅದರ ಚಿಗುರು ಮುರಿದಾಗ ಬಾಲ್ಕನಿಗೆಲ್ಲ ಬಲೆ ಕಟ್ಟಿಸಿದರು.

ಹೋದ ಚಳಿಗಾಲದಲ್ಲಿ ಕಂಪನಿ ಬಸ್ಸಿಗೆ ಕಾಯುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಅವರು ಸೋಸಿಟ್ಟ ಒಂದು ಬಾಟಲಿ ಉಳಿದಿತ್ತು. ಅದು ಮುಗಿಯದಿರಲಿ ಎಂದು ಮುಚ್ಚಳದ ಅರ್ಧದಷ್ಟೇ ತೆಗೆದು ನೀರಿಗೆ ಬೆರೆಸುತ್ತಿದ್ದೆ. ಬೇಸಿಗೆ ಶುರುವಾಗುತ್ತಲೇ ಗಿಡ ಮೊದಲ ಸಲ ಮೊಗ್ಗು ಬಿಟ್ಟಿತು. ನಮಗೆ ಮಕ್ಕಳಿಲ್ಲ. ಅವರ ಕೈಯಿಂದ ಹುಟ್ಟಿ ಇನ್ನೂ ಬೆಳೆಯುತ್ತಿರುವುದು ಆ ಮನೆಯಲ್ಲಿ ಅದೊಂದೇ ಆಗಿತ್ತು. ಅದು ಬದುಕಲಿ ಎಂದು ನಾನು ದೇವರಲ್ಲಿ ಕೇಳಿಕೊಂಡಿದ್ದೇನೆ. ನನಗಾಗಿ ಅಷ್ಟು ಕೇಳಿಕೊಂಡಿಲ್ಲ.

ಅವರ ತಾಯಿ, ನಮ್ಮತ್ತೆ, ನನ್ನ ಜೊತೆಗೇ ಇದ್ದಾರೆ. ಧಾರವಾಡದ ಕಡೆಯವರು, ಉಪಚಾರದಲ್ಲಿ ಅವರನ್ನು ಮೀರಿಸುವವರಿಲ್ಲ. ಬೀಗರಿರಲಿ, ಸಿಲಿಂಡರ್ ತಂದವನಿರಲಿ, ಮಜ್ಜಿಗೆ ಕೊಟ್ಟರೆ ಗಟ್ಟಿ ಮಜ್ಜಿಗೆಯೇ. ನೀರು ಬೆರೆಸಿ ಕೊಡುವುದೆಂದರೆ ಬಂದವರ ಮುಖಕ್ಕೆ ಬಾಗಿಲು ಹಾಕಿದಂತೆ ಅವರಿಗೆ.

ಮಾಸಿಕದ ದಿನ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಕಾಗೆಗೆ ಇಡುತ್ತೇವೆ. ಕಾಗೆ ಮುಟ್ಟಿದರೆ ಅವರಿಗೆ ಮುಟ್ಟಿತು. ಪ್ರತಿ ತಿಂಗಳು ನಾನೇ ಟೆರೇಸಿಗೆ ಒಯ್ದಿಡುತ್ತಿದ್ದೆ. ಆ ಸಲ ನನಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಅತ್ತೆಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗದು. ಬಡಿಸಿದ ಎಲೆಯನ್ನು ಬಾಲ್ಕನಿಯಲ್ಲೇ, ಪಾರಿವಾಳದ ಬಲೆಯ ಒಳಗೇ ಇಟ್ಟರು.

ಸಂಜೆ ಬಂದು ಬಾಗಿಲು ತೆಗೆದರೆ ಮನೆಯೆಲ್ಲ ಹುಳಿ ವಾಸನೆ. ನಿಂಬೆಯ ಕುಂಡದ ಪಕ್ಕ ಖಾಲಿ ಬಾಟಲಿ, ಮುಟ್ಟದ ಎಲೆಯ ಮೇಲೆ ಒಣಗಿದ ಹೋಳಿಗೆ. ಅತ್ತೆ ಅಲ್ಲೇ ನೆಲದ ಮೇಲೆ ಕೂತಿದ್ದರು.

"ಕಾಗಿ ಬಂದಿತ್ತವಾ," ಅಂದರು. "ಜಾಳಿ ಹೊರಗ ಕೂತು, ನೋಡಿ ನೋಡಿ ಹೋತು. ನನ್ನ ಮಗ ಉಪವಾಸ ಹೋದ. ಅವನ ಕೈಲೆ ಮಾಡಿದ್ದು ಇದೊಂದ ಇತ್ತು, ಅವನ ಗಿಡಕ್ಕ ಹಾಕಿದೆ."

"ನೀರು ಬೆರಸಲಿಲ್ಲೇನ್ರಿ?"

"ಮಗಗ ನೀರ ಬೆರಸಿ ಬಡಸ್ಲೇನ ನಾ?"

ನನ್ನ ಸಿಟ್ಟು ಇಡೀ ಕಟ್ಟಡಕ್ಕೇ ಗೊತ್ತು, ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಆ ಸಿಟ್ಟಿನಲ್ಲೇ ಸೀರೆ ಸಿಕ್ಕಿಸಿಕೊಂಡು ಬಕೆಟ್ ಮೇಲೆ ಬಕೆಟ್ ನೀರು ಹಾಕಿ ಮಣ್ಣು ತೊಳೆದೆ. ಕುಂಡದ ತೂತಿನಿಂದ ಕಂದು ನೀರು ಹರಿದು ಕೆಳಗಿನ ಮನೆಯವರು ಮರಾಠಿಯಲ್ಲಿ ಬೈದರು. ಬೈಯಲಿ ಎಂದು ಇನ್ನೊಂದು ಬಕೆಟ್ ಸುರಿದೆ.

ತಡವಾಗಿತ್ತು. ಎಲೆಗಳ ಅಂಚು ಮೊದಲು ಸುಟ್ಟುಹೋಯಿತು, ಮೊಗ್ಗುಗಳು ಕಪ್ಪಾಗಿ ಉದುರಿದವು. ಅತ್ತೆ ನನಗಿಂತ ಮುಂಚೆ ಎದ್ದು, ಬಿದ್ದ ಎಲೆ ನನಗೆ ಕಾಣದಂತೆ ಗುಡಿಸಿಡುತ್ತಿದ್ದರು. ಕೊನೆಗೆ ಒಂದು ಭಾನುವಾರ ಕಾಂಡವನ್ನು ಉಗುರಿನಿಂದ ಕೆರೆದು ನೋಡಿದೆ. ಹಸಿರು ಎಲ್ಲೂ ಇರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಗಿಡದ ವಿಷಯ ಅವರು ಕೇಳಲಿಲ್ಲ.

"ಅವಗ ಮುಟ್ಟೇದೋ ಇಲ್ಲೋ, ಅಷ್ಟ ಹೇಳವಾ," ಅಂದರು.

"ಮುಟ್ಟೇದ ಅತ್ತಿ," ಅಂದೆ. "ಎಲ್ಲಾ ಮುಟ್ಟೇದ."

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು, ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡರು. ಅವರು ಮಲಗಿದ ಮೇಲೆ ನಾನು ಗಿಡವನ್ನು ಹಿಡಿದು ಎಳೆದೆ. ಬೇರು ಮಣ್ಣನ್ನು ಬಿಟ್ಟು ಎಷ್ಟು ದಿನವಾಗಿತ್ತೋ, ಒಂದೇ ಕೈಗೆ ಬಂತು.