ತಾರೀಖಿಲ್ಲದ ಅಜ್ಜಿ

ಆ ಮಧ್ಯಾಹ್ನ ಜಹೀರಾಬಾದಿನ ನಮ್ಮ ಪಡಸಾಲೆಯಲ್ಲಿ ಇದ್ದವರು ನಾಲ್ವರು: ನಾನು, ನನ್ನ ಹೆಂಡತಿ ಮಹಾದೇವಿ, ಅವಳ ತಮ್ಮ ವಿರೂಪಾಕ್ಷ, ಅವರಿಬ್ಬರ ತಾಯಿ ನೀಲಮ್ಮ. ಈ ನೀಲಮ್ಮ ನನ್ನ ತಂದೆಯ ತಂಗಿಯೂ ಹೌದು. ಸೋದರತ್ತೆಯೇ ಹೆಣ್ಣು ಕೊಟ್ಟ ಅತ್ತೆಯೂ ಆದರೆ ಗಂಡಸಿಗೆ ಮುಂಬಾಗಿಲಿನಿಂದಲೂ ಹಿತ್ತಿಲಿನಿಂದಲೂ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ.

ತೆಲಂಗಾಣ ಬೇಕೆಂದು ಊರಿಗೆ ಊರೇ ಮುಷ್ಕರ ಹೂಡಿದ್ದ ದಿನಗಳು. ನನ್ನ ಕಚೇರಿಗೆ ಬೀಗ. ನಾರಾಯಣಖೇಡದಿಂದ ಕಣ್ಣು ತೋರಿಸಲು ಬಂದಿದ್ದ ಅತ್ತೆ ಬಸ್ಸು ನಿಂತದ್ದರಿಂದ ನಮ್ಮಲ್ಲೇ ಉಳಿದಿದ್ದರು. ವಿರೂಪಾಕ್ಷ ಮಾತ್ರ ಲ್ಯಾಪ್‌ಟಾಪನ್ನು ಬೆನ್ನಿಗೆ ಕಟ್ಟಿಕೊಂಡು ತಾಂಡೂರಿನಿಂದ ಮೋಟಾರ್ ಸೈಕಲ್ಲಿನಲ್ಲಿ ಬಂದಿದ್ದ. ತಾಂಡೂರಿನಲ್ಲಿ ಅವನು ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶದ ದಿನ ನಮ್ಮ ಮನೆತನದ ಚರಿತ್ರೆಯನ್ನು ಗೋಡೆಯ ಮೇಲೆ ಸಿನಿಮಾದ ಹಾಗೆ ತೋರಿಸಬೇಕು, ಒಂದು ಉದ್ದ ಗೆರೆ, ಅದರ ಮೇಲೆ ಪೋಣಿಸಿದ ಹುಟ್ಟು, ಮದುವೆ, ನೌಕರಿ, ಸಾವು ಎಂಬುದು ಅವನ ಆಸೆ. ಇಂಥ ಗೆರೆ ಎಳೆದುಕೊಡುವ ಮೂರು ತಾಣಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕಿಟ್ಟಿದ್ದ. ಮೂರರಲ್ಲಿ ಯಾವುದು ಚಲೋ ಎಂದು ಪರೀಕ್ಷಿಸುವ ಕೆಲಸ ನನ್ನದು. ಕೆಲಸವಿಲ್ಲದ ಗುಮಾಸ್ತನಿಗಿಂತ ಒಳ್ಳೆಯ ಪರೀಕ್ಷಕ ಎಲ್ಲಿ ಸಿಗಬೇಕು?

ಮೊದಲನೆಯದು ನೋಡಲು ಲಕ್ಷಣವಾಗಿತ್ತು. ಅಜ್ಜನ ನೌಕರಿಯ ಹಳೆಯ ಉರ್ದು ಕಾಗದ ತೆಗೆದು, ನನಗೆ ಉರ್ದು ಬರುತ್ತದೆಂಬ ಜಂಬದಿಂದ ಹುಟ್ಟಿದ ವರ್ಷವನ್ನು ಗಟ್ಟಿಯಾಗಿ ಓದಿದೆ. ವಿರೂಪಾಕ್ಷ ಒತ್ತಿದ. ಎಡತುದಿಯಲ್ಲಿ ಅಜ್ಜ ಮೂಡಿದ. ಅವನ ಮಗನನ್ನು, ಅಂದರೆ ನಮ್ಮಪ್ಪನನ್ನು ಹುಡುಕುತ್ತ ವಿರೂಪಾಕ್ಷ ಬೆರಳಿನಿಂದ ಗೆರೆ ಸರಿಸಿದ, ಸರಿಸಿದ, ಸರಿಸುತ್ತಲೇ ಹೋದ. ನಡುವೆ ಆರುನೂರು ವರ್ಷದ ಬಟ್ಟಬಯಲು! ಆಗ ನನಗೆ ಹೊಳೆಯಿತು. ಕಾಗದದಲ್ಲಿದ್ದದ್ದು ನಿಜಾಮರ ಕಾಲದ ಫಸಲಿ ವರ್ಷ. ಅದು ಇಂಗ್ಲಿಷ್ ವರ್ಷಕ್ಕಿಂತ ಐನೂರ ತೊಂಬತ್ತರಷ್ಟು ಹಿಂದೆ. ನನ್ನ ಜಾಣತನದಿಂದ, ಬೀದರ ಕೋಟೆಯ ಕಲ್ಲುಗಳು ಇನ್ನೂ ಗುಡ್ಡದಲ್ಲಿದ್ದಾಗಲೇ ನಮ್ಮಜ್ಜ ಹುಟ್ಟಿಬಿಟ್ಟಿದ್ದ.

"ನಮ್ಮಪ್ಪ ಭಾಳ ದಿನ ಬಾಳ್ಯಾನ ಬಿಡಪಾ," ಅಂದರು ಅತ್ತೆ, ಬದನೆಕಾಯಿ ಹೆಚ್ಚುತ್ತ. "ಅದಕ್ಕೇ ಯಾವಾಗ್ಲೂ ಸೊಂಟನೋವು ಅಂತಿದ್ದ."

ಎರಡನೆಯ ತಾಣ ಊರಿನ ಜೊತೆಗೆ ರಾಜ್ಯವನ್ನೂ ಕೇಳಿತು. ಅಜ್ಜ ಹುಟ್ಟಿದ್ದು ಹೈದರಾಬಾದ್ ಸಂಸ್ಥಾನದಲ್ಲಿ. ಅದು ಪಟ್ಟಿಯಲ್ಲೇ ಇಲ್ಲ. ನಾವು ಕೂತಿದ್ದದ್ದು ಆಂಧ್ರಪ್ರದೇಶದಲ್ಲಿ. ಅದು ಬೇಡವೆಂದೇ ನನ್ನ ಕಚೇರಿಗೆ ಬೀಗ ಬಿದ್ದಿತ್ತು. ಬೇಕೆನ್ನುವುದು ಇನ್ನೂ ಬಂದಿರಲಿಲ್ಲ. "ನಾವು ಕುಂತಲ್ಲೇ ಕುಂತೀವಿ, ರಾಜ್ಯಗಳೇ ಬಂದು ಹೋಗಾಕತ್ಯಾವ. ಅದನ್ನ ಬರಿ," ಅಂದರು ಅತ್ತೆ. ಬರೆಯಲು ಜಾಗವಿರಲಿಲ್ಲ.

ಮೂರನೆಯದು ಸೌಮ್ಯ ಸ್ವಭಾವದ್ದು ಅನಿಸಿತು. ಅಜ್ಜ, ಅಪ್ಪ, ನಾನು ಎಲ್ಲರೂ ಸಾಲಾಗಿ ಕೂತೆವು. ಆಗ ಅತ್ತೆ ಈಳಿಗೆ ಮಡಿಸಿಟ್ಟು, ಕೈ ಒರೆಸಿಕೊಂಡು ಹತ್ತಿರ ಬಂದರು.

"ಈಗ ನಮ್ಮವ್ವನ್ನ ಹಾಕ್ರಿ."

ನಮ್ಮಜ್ಜಿ ಗೌರಮ್ಮ. ವಿರೂಪಾಕ್ಷ ಹೆಸರು ಬರೆದ. ಹುಟ್ಟಿದ ವರ್ಷ? ಗೊತ್ತಿಲ್ಲ. ಮದುವೆ? ಗೊತ್ತಿಲ್ಲ. ಸತ್ತ ದಿನ ಅಮಾವಾಸ್ಯೆ, ಅಷ್ಟೇ ಗೊತ್ತು. ಯಂತ್ರ ಸ್ವಲ್ಪ ಹೊತ್ತು ತಿರುಗಿ, ಗೆರೆಯ ಕೆಳಗೆ, ಮೂಲೆಯಲ್ಲಿ ಒಂದು ಬೂದು ಡಬ್ಬಿ ಮಾಡಿ ಅಜ್ಜಿಯನ್ನು ಅದರಲ್ಲಿ ಕೂರಿಸಿತು. ಮೇಲೆ ಒಂದು ಇಂಗ್ಲಿಷ್ ಮಾತು. ಏನದು ಎಂದು ಅತ್ತೆ ಕೇಳಿದರು. 'ಗೊತ್ತಿಲ್ಲದವರು' ಅಂತ, ಎಂದು ಮಹಾದೇವಿ ಮೆಲ್ಲಗೆ ಹೇಳಿದಳು.

"ಯಾರಿಗಿ ಗೊತ್ತಿಲ್ಲ? ನನಗ ಗೊತ್ತಿದ್ದಾಕಿ ಹ್ಯಾಂಗ ಗೊತ್ತಿಲ್ಲದಾಕಿ ಆಗ್ತಾಳ?"

"ಯವ್ವಾ, ಅಂದಾಜಿಗಿ ಜನವರಿ ಒಂದು ಅಂತ ಹಾಕ್ತೀನಿ. ಯಾರ್ ಕೇಳ್ತಾರ?" ಅಂದ ವಿರೂಪಾಕ್ಷ. ಗೃಹಪ್ರವೇಶಕ್ಕೆ ಅವನು ಕೆಲಸ ಮಾಡುವ ಫ್ಯಾಕ್ಟರಿಯ ಸಾಹೇಬರು ಬರುವವರಿದ್ದರು. ಗೆರೆ ಅಂದವಾಗಿರಬೇಕಿತ್ತು ಅವನಿಗೆ.

"ನಾ ಕೇಳ್ತೀನಿ. ಸುಳ್ಳು ತಾರೀಖಿನ್ಯಾಗ ನಮ್ಮವ್ವನ್ನ ಕೂಡಿಸಬ್ಯಾಡ. ಆಕಿ ಏನ್ ನಿನ್ನ ಫ್ಯಾಕ್ಟರಿಗಿ ಹಾಜರಿ ಹಾಕಾಕ ಬಂದಾಳೇನು?"

ಸುಳ್ಳು ತಾರೀಖಿನ ವಿಷಯದಲ್ಲಿ ನನಗೆ ಬಾಯಿಲ್ಲ. ನನ್ನ ಹುಟ್ಟಿದ ದಿನವೇ ಹೆಡ್‌ಮಾಸ್ತರರು ದಯಪಾಲಿಸಿದ್ದು. ಬಲಗೈ ತಲೆಯ ಮೇಲಿಂದ ಎಡಗಿವಿ ಮುಟ್ಟಿತು, ಅವರು ಜೂನ್ ಒಂದು ಎಂದು ಬರೆದರು. ನನ್ನ ಜೊತೆ ಅಂದು ಹುಟ್ಟಿದವರು ಇಡೀ ಒಂದು ತರಗತಿ. ಆ ಸುಳ್ಳಿನ ಬಲದಿಂದ ನಾನು ಗೆರೆಯ ಮೇಲೆ ಸುಖವಾಗಿ ಕೂತಿದ್ದೆ, ಅಜ್ಜಿ ಡಬ್ಬಿಯಲ್ಲಿದ್ದಳು.

ಅವಳು ಯಾರೆಂದು ನಿಮಗೆ ಹೇಳಬೇಕು. ಶಾಲೆಯಲ್ಲಿ ಬರೀ ಉರ್ದು ಇದ್ದ ಕಾಲದಲ್ಲಿ, ಮೊಗುಡಂಪಲ್ಲಿಯ ಮನೆಯಲ್ಲಿ, ಮೊರದಲ್ಲಿ ಜೋಳದ ಹಿಟ್ಟು ಹರವಿ ಮಕ್ಕಳ ಬೆರಳು ಹಿಡಿದು ಕನ್ನಡ ಬರೆಸಿದವಳು. ತಪ್ಪಾದರೆ ಮೊರ ಅಲುಗಿಸುತ್ತಿದ್ದಳಂತೆ, ಹಲಗೆ ಸ್ವಚ್ಛ. ಪಾಠ ಮುಗಿದ ಮೇಲೆ ಅದೇ ಹಿಟ್ಟಿನ ರೊಟ್ಟಿ. ನಮ್ಮಪ್ಪ, ಅತ್ತೆ ಹಾಗೆ ಕಲಿತರು; ತೆಲುಗು ಶಾಲೆಗೆ ಹೋದ ನನಗೆ ಅವರು ಕಲಿಸಿದರು. ನೀವು ಈಗ ಓದುತ್ತಿರುವ ಅಕ್ಷರಗಳೂ ಅದೇ ಮೊರದವು. ಇದೆಲ್ಲ ಯಾವಾಗ ಎಂದರೆ ಅತ್ತೆಯ ಉತ್ತರ ಸಿದ್ಧ: "ತೊಗರಿ ಎರಡು ಸಲ ಹುಳ ಹಿಡಿದು ಹೋತು ನೋಡು, ಅದರ ಮುಂದಿನ ಸುಗ್ಗ್ಯಾಗ. ನಿಮ್ಮಪ್ಪನ ಹಾಲುಹಲ್ಲು ಬೀಳಾಕತ್ತಿದ್ವು."

ಫಸಲಿ ಎಂದರೂ ಬೆಳೆಯ ಲೆಕ್ಕವೇ. ಕಂದಾಯ ವಸೂಲಿಗಾಗಿ ಬೆಳೆ ನೋಡಿ ವರ್ಷ ಎಣಿಸಿದರೆ ಅದು ಸರ್ಕಾರಿ ಪಂಚಾಂಗ. ನಮ್ಮತ್ತೆ ತೊಗರಿ ನೋಡಿ ವರ್ಷ ಎಣಿಸಿದರೆ ಅದು ಮುದುಕಿಯ ಮಾತು! ಇದು ಯಾವ ಸೀಮೆಯ ನ್ಯಾಯ? ಊರೆಲ್ಲ ತನ್ನ ಹೆಸರಿಗಾಗಿ ಬೀದಿಗಿಳಿದಿರುವಾಗ, ಪಡಸಾಲೆಯಲ್ಲಿ ಕೂತ ನಾನು ಒಂದು ಬೂದು ಡಬ್ಬಿಗೆ ಹೆದರಬೇಕೆ?

"ವಿರೂಪಾಕ್ಷ," ಅಂದೆ, "ಅಜ್ಜಿ ಡಬ್ಬ್ಯಾಗ ಇದ್ರ ನಾನೂ ಡಬ್ಬ್ಯಾಗೇ. ನನ್ನ ತಾರೀಖು ಅಳಸು. ಎಲ್ಲಾರ್ದೂ ಅಳಸು."

"ಭಾವಾ, ತಾರೀಖಿಲ್ದ ಗೆರಿ ಹ್ಯಾಂಗಾಗ್ತದರಿ?"

"ಗೆರಿ ಬ್ಯಾಡ. ಒಬ್ಬರ ಹಿಂದ ಒಬ್ಬರು ಬರ್ಲಿ. ಮೊದಲ ಆಕಿ."

ಅವನು ತಾಯಿಯ ಮುಖ ನೋಡಿದ. ಅವರು ಆಗಲೇ ಈಳಿಗೆಯ ಮುಂದೆ ಹೋಗಿ ಕೂತಿದ್ದರು, ಮಾತು ಮುಗಿಯಿತೆಂಬಂತೆ. ವಿರೂಪಾಕ್ಷ ಮೂರೂ ತಾಣಗಳನ್ನು ಮುಚ್ಚಿದ. ಗೃಹಪ್ರವೇಶದ ದಿನ ತಾಂಡೂರಿನ ಹೊಸ ಗೋಡೆಯ ಮೇಲೆ ಮೊದಲು ಬಂದದ್ದು ಬರೀ ಹೆಸರು: ಗೌರಮ್ಮ. ಅವಳ ಫೋಟೋ ಇರಲಿಲ್ಲ. ಹಾಗಾಗಿ ಹೆಸರೇ ಗೋಡೆಯಷ್ಟು ದೊಡ್ಡದಾಗಿತ್ತು. ಇಸವಿ ಯಾವುದು ಎಂದು ಸಾಹೇಬರು ಕೇಳಿದರು. ತೊಗರಿಯ ಕತೆಯನ್ನು ಅತ್ತೆ ಅವರಿಗೆ ಪೂರ್ತಿ ಹೇಳಿದರು. ಸಾಹೇಬರ ತಟ್ಟೆಯ ಹೋಳಿಗೆ ತಣ್ಣಗಾಯಿತು.

ರಾಜ್ಯ ಬಂತು. ಆಮೇಲೊಂದು ದಿನ ಮನೆಮನೆಯ ವಿವರ ಬರೆದುಕೊಳ್ಳುವವರು ನಾರಾಯಣಖೇಡದ ಮನೆಗೂ ಬಂದರು. ನಾನೂ ಅಲ್ಲಿದ್ದೆ. ಹುಟ್ಟಿದ ತಾರೀಖು ಕೇಳಿದಾಗ ಅತ್ತೆ, "ಖಾಲಿ ಬಿಡ್ರಿ," ಅಂದರು. ಬಂದಾತ ಅವರ ನರೆಗೂದಲು ನೋಡಿ, ಏನೂ ಕೇಳದೆ, ಹೆಬ್ಬೆಟ್ಟಿನ ಶಾಯಿ ಡಬ್ಬಿ ತೆರೆದು ಮುಂದೆ ಹಿಡಿದ. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿ, ಆತನ ಕೈಯಿಂದ ಪೆನ್ನು ಇಸಿದುಕೊಂಡು, ಕನ್ನಡದಲ್ಲಿ, ಒಂದೊಂದೇ ಅಕ್ಷರ, 'ಗೌರಮ್ಮನ ಮಗಳು ನೀಲಮ್ಮ' ಎಂದು ಬರೆದರು. ಸಾಲು ಕಾಗದದ ಅಂಚಿನವರೆಗೂ ಹೋಯಿತು. ಮುಗಿಯುವವರೆಗೆ ಆತ ಕಾದು ನಿಂತ. ಆಮೇಲೆ ಶಾಯಿ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಂಡ.